ರೈಲು ಕೇಳಿದ ಮೂರು ಊರು

ನಮ್ಮ ಕಡೆ ಯಾರಾದರೂ ಒಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿದರೆ ಮೊದಲು ಒಂದು ಸಮಿತಿ ಆಗುತ್ತದೆ, ಆಮೇಲೆ ಒಂದು ಜಗಳ ಆಗುತ್ತದೆ, ಕೆಲಸ ಒಂದನ್ನು ಬಿಟ್ಟು ಉಳಿದದ್ದೆಲ್ಲ ಆಗುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿಗೆ ರೈಲು ಬೇಕೆಂದು ನಾವು ಕೇಳಲು ಶುರು ಮಾಡಿದಾಗ ನನ್ನ ತಲೆಯಲ್ಲಿ ಒಂದೂ ಬಿಳಿಕೂದಲು ಇರಲಿಲ್ಲ. ಈಗ ಕರಿಕೂದಲನ್ನು ಹುಡುಕಬೇಕು. ಇಸವಿ ಎರಡು ಸಾವಿರದ ಹದಿನೈದು ದಾಟಿತು, ರೈಲು ಇನ್ನೂ ಬಂದಿಲ್ಲ. ಆ ಸಿಟ್ಟಿನಲ್ಲೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಓದುವಾಗ ನಿಮಗೆ ನಗು ಬಂದರೆ ನಗಿರಿ, ನನ್ನ ಅಭ್ಯಂತರವಿಲ್ಲ. ಇದೆಲ್ಲ ನಡೆಯುವಾಗ ನನಗೆ ಬಂದಿರಲಿಲ್ಲ.

ನಾನು ಸಿಂಧನೂರು ಬಸ್ ನಿಲ್ದಾಣದ ಎದುರಿಗೆ ಖಾನಾವಳಿ ಇಟ್ಟವಳು. ಮೊದಲು ಒಂದು ಒಲೆ, ಒಂದು ಬುಟ್ಟಿ ರೊಟ್ಟಿ, ಮೇಲೆ ತಗಡು. ಆಮೇಲೆ ಗೋಡೆ ಎದ್ದಿತು, ಬೆಂಚು ಬಂದವು. ಯಾರೂ ಕೊಟ್ಟದ್ದಲ್ಲ. ಶಾಲೆಗೆ ಹೋದವಳಲ್ಲ, ಓದಲು ಕಲಿತದ್ದು ಎದುರಿಗೆ ಬಂದು ನಿಲ್ಲುವ ಬಸ್ಸುಗಳ ಬೋರ್ಡು ನೋಡಿ. ಕಂಡಕ್ಟರ್ ಕೂಗುವುದನ್ನು ಕೇಳುವುದು, ಬೋರ್ಡಿನ ಅಕ್ಷರ ನೋಡುವುದು. ಮೊದಲು ದಕ್ಕಿದ್ದು ಮಸ್ಕಿ, ಎರಡೇ ಅಕ್ಷರ. ಲಿಂಗಸುಗೂರಿಗೆ ಒಂದು ತಿಂಗಳು ಹಿಡಿಯಿತು. ಬೋರ್ಡು ಮುಗಿದ ಮೇಲೆ ಪೇಪರು, ಪೇಪರು ಮುಗಿದ ಮೇಲೆ ಲೈಬ್ರರಿಯ ಪುಸ್ತಕ.

ರೈಲಿನ ಹುಚ್ಚು ನನಗೆ ಯಾಕೆ ಹಿಡಿಯಿತು ಎಂದು ಬಹಳ ಜನ ಕೇಳಿದ್ದಾರೆ. ನನ್ನ ತಂಗಿಗೆ ಚೊಚ್ಚಲ ಹೆರಿಗೆ ಕಷ್ಟವಾದಾಗ, ಇಲ್ಲಿಯ ಡಾಕ್ಟರು ರಾಯಚೂರಿಗೆ ಒಯ್ಯಿರಿ ಎಂದರು. ಬಸ್ಸು ಹೋಗಿಬಿಟ್ಟಿತ್ತು. ಭತ್ತದ ಚೀಲ ತುಂಬಿದ ಲಾರಿಯ ಮೇಲೆ ಅವಳನ್ನು ಮಲಗಿಸಿಕೊಂಡು ಹೋದೆ. ಆ ರಸ್ತೆಯಲ್ಲಿ ಎಷ್ಟು ಗುಂಡಿ ಇದ್ದವು ಎಂದು ನನಗೆ ಗೊತ್ತು, ಯಾಕೆಂದರೆ ಪ್ರತಿ ಗುಂಡಿಗೂ ಅವಳು ಕೂಗುತ್ತಿದ್ದಳು. ತಂಗಿ ಉಳಿದಳು, ಕೂಸು ಉಳಿಯಲಿಲ್ಲ. ಮರುದಿನ ದವಾಖಾನೆಯಿಂದ ಹೊರಗೆ ಬಂದು ನಡೆಯುತ್ತಾ ಹೋದವಳು ರಾಯಚೂರು ಸ್ಟೇಷನ್ ಮುಂದೆ ನಿಂತಿದ್ದೆ. ಒಂದು ರೈಲು ಬಂತು. ಒಳಗೆ ಒಬ್ಬ ಮುದುಕ ಕಾಲು ಚಾಚಿ ಮಲಗಿದ್ದ, ಅವನ ಲೋಟದ ನೀರು ತುಳುಕಿರಲಿಲ್ಲ. ಆ ಲೋಟ ನೋಡಿದಾಗಿನಿಂದ ಈ ಹುಚ್ಚು. ತಂಗಿ ಈಗಲೂ ನನ್ನ ಜೊತೆಗೇ ರೊಟ್ಟಿ ಬಡಿಯುತ್ತಾಳೆ.

ಚಹಾ ಯಾರು ಕಳಿಸಬೇಕು

ಎಂಬತ್ತರ ದಶಕದ ಕೊನೆಗೆ ರೈಲು ಹೋರಾಟಕ್ಕೆ ಒಂದು ಸಮಿತಿ ಆಯಿತು. ಮೊದಲ ಸಭೆ ಒಬ್ಬ ಸಾವ್ಕಾರರ ರೈಸ್ ಮಿಲ್ಲಿನ ಅಂಗಳದಲ್ಲಿ. ಅಂಗಳ ಅವರದು, ಕುರ್ಚಿ ಅವರವು, ಹಾಗಾಗಿ ಅಧ್ಯಕ್ಷರೂ ಅವರೇ. ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋದೆ. ಪೂರ್ತಿ ಗಂಡಸರು. ಅಧ್ಯಕ್ಷರು ನನ್ನನ್ನು ನೋಡಿ ಮುಖ ಅರಳಿಸಿದರು.

"ಬಂದ್ಯಾ ಯಕ್ಕಾ, ಛಲೋ ಆತು. ಎಲ್ಲಾರಿಗೂ ಚಹಾ ಕಳಿಸಿಬಿಡು."

ನಾನು ಚಹಾಕ್ಕೆ ಬಂದಿಲ್ಲ, ಸಭೆಗೆ ಬಂದೀನಿ ಎಂದೆ. ಅವರು ಸ್ವಲ್ಪ ಹೊತ್ತು ವಿಚಾರ ಮಾಡಿ, ಸಭೆಗೆ ಬಂದರೂ ಚಹಾ ಬೇಕಾಗುತ್ತದಲ್ಲ ಎಂದರು. ಎಲ್ಲರೂ ನಕ್ಕರು. ನಾನು ಒಂದು ಕುರ್ಚಿ ಎಳೆದುಕೊಂಡು ಕೂತೆ. ಪಕ್ಕದಲ್ಲಿದ್ದ ಹತ್ತಿ ವ್ಯಾಪಾರಿ ತನ್ನ ಕುರ್ಚಿಯನ್ನು ಒಂದು ಗೇಣು ಸರಿಸಿಕೊಂಡ. ನಾನೂ ಒಂದು ಗೇಣು ಸರಿಸಿದೆ, ಅವನ ಕಡೆಗೆ.

ಭಾಷಣಗಳು ಮುಗಿದ ಮೇಲೆ ಅರ್ಜಿ ಬಂತು. ಸಮಿತಿಯ ಕಾರ್ಯದರ್ಶಿ ಎಲ್ಲರಿಗೂ ಪೆನ್ನು ಕೊಡುತ್ತಾ ಬಂದವನು ನನ್ನ ಮುಂದೆ ಶಾಯಿಯ ಡಬ್ಬಿ ತೆರೆದು ಹಿಡಿದ, ಹೆಬ್ಬೆಟ್ಟು ಒತ್ತಲು. ನಾನು ಡಬ್ಬಿಯ ಮುಚ್ಚಳ ಹಾಕಿ ಅರ್ಜಿ ಇಸಿದುಕೊಂಡೆ. ಏನು ಬರೆದೀರಿ ನೋಡದೆ ಸಹಿ ಮಾಡುವವಳಲ್ಲ ಎಂದು ಎದ್ದು ನಿಂತು ಜೋರಾಗಿ ಓದಲು ಶುರು ಮಾಡಿದೆ.

ಮೊದಲ ಪುಟ ಚೆನ್ನಾಗಿತ್ತು. ರೋಗಿಗಳು, ವಿದ್ಯಾರ್ಥಿಗಳು, ಭತ್ತ, ಹತ್ತಿ, ಎಲ್ಲ ಇತ್ತು. ಎರಡನೆಯ ಪುಟಕ್ಕೆ ಬಂದಾಗ ಅಧ್ಯಕ್ಷರು, ಸಾಕು ಬಿಡು ಯಕ್ಕಾ, ಹೊತ್ತಾತು ಎಂದರು. ಅಲ್ಲಿಗೆ ನನಗೆ ಗೊತ್ತಾಯಿತು, ಇಲ್ಲೇ ಏನೋ ಇದೆ. ಸಿಂಧನೂರಿನ ಸ್ಟೇಷನ್ನಿಗೆ ಅತ್ಯಂತ ಯೋಗ್ಯವಾದ ಜಾಗ ಯಾವುದು ಎಂದು ಹೊಲದ ಕಾಗದ ಬರೆದ ಹಾಗೆ ನಾಲ್ಕು ದಿಕ್ಕಿನ ಮೇರೆ ಸಮೇತ ಬರೆದಿದ್ದರು. ಮೂಡಲಿಗೆ ಅಧ್ಯಕ್ಷರ ರೈಸ್ ಮಿಲ್ಲು. ಪಡುವಲಿಗೆ ಅಧ್ಯಕ್ಷರ ಗೋದಾಮು. ಬಡಗಲಿಗೆ ಅಧ್ಯಕ್ಷರ ಅಳಿಯನ ಗದ್ದೆ. ತೆಂಕಲಿಗೆ ಅಧ್ಯಕ್ಷರು ಮುಂದೆ ಕಟ್ಟಲಿರುವ ಲಾಡ್ಜು.

ನಾನು ಹಾಳೆ ಮಡಚಿ ಕೇಳಿದೆ:

"ಎಲ್ಲಾ ಛಲೋ ಐತ್ರಿ ಸಾವ್ಕಾರ್ರ. ನಾಕೂ ಕಡೆ ನೀವ ಅದೀರಿ. ರೈಲು ಒಳಗ ಬರಾಕ ಎಲ್ಲಿ ಜಾಗಾ ಬಿಟ್ಟೀರಿ?"

ಹುಟ್ಟದ ರೈಲಿನ ವೇಳೆ

ಮೂರೂ ಊರಿನವರು ಕೂಡಿ ಒಂದೇ ಅರ್ಜಿ ಕೊಡಬೇಕು ಎಂದು ಲಿಂಗಸುಗೂರಿನಲ್ಲಿ ಸಭೆ ಕರೆದರು. ಸಿಂಧನೂರಿನಿಂದ ನಾವು ಬಸ್ಸಿನಲ್ಲಿ ಹೊರಟೆವು, ಮಸ್ಕಿಯಲ್ಲಿ ಅಲ್ಲಿಯ ಮಂದಿ ಹತ್ತಿಕೊಂಡರು. ಬಸ್ಸಿನಲ್ಲಿ ಎಲ್ಲರೂ ಅಣ್ಣತಮ್ಮಂದಿರ ಹಾಗೆ ಎಲೆಅಡಿಕೆ ಹಂಚಿಕೊಂಡು ತಿಂದರು. ಆ ಪ್ರೀತಿ ಲಿಂಗಸುಗೂರಿನ ನಿಲ್ದಾಣದವರೆಗೆ ಇತ್ತು.

ಸಭೆಯಲ್ಲಿ ಲಿಂಗಸುಗೂರಿನ ಒಬ್ಬ ವಕೀಲರು ಎದ್ದು, ದೊಡ್ಡ ಸ್ಟೇಷನ್ ಲಿಂಗಸುಗೂರಿಗೇ ಬೇಕು, ಇಲ್ಲಿ ಕಚೇರಿ ಕೋರ್ಟು ಎಲ್ಲ ಇವೆ, ಮಸ್ಕಿಯಲ್ಲಿ ರೈಲು ಸ್ವಲ್ಪ ನಿಧಾನ ಮಾಡಿದರೆ ಸಾಕು, ಹತ್ತುವವರು ಹತ್ತಿಕೊಳ್ಳುತ್ತಾರೆ ಎಂದರು. ಮಸ್ಕಿಯ ಒಬ್ಬ ನಿವೃತ್ತ ಮಾಸ್ತರರು ಕೋಲೂರಿಕೊಂಡು ಎದ್ದರು.

"ವಕೀಲರ, ಅಶೋಕ ಚಕ್ರವರ್ತಿ ನಮ್ಮೂರ ಗುಡ್ಡದ ಕಲ್ಲಿನ ಮ್ಯಾಲೆ ಹೆಸರು ಕೆತ್ತಿಸ್ಯಾನ. ಅಷ್ಟು ದೂರದ ಅರಸಗ ಗೊತ್ತಿದ್ದ ಊರು ರೈಲ್ವೆದವರಿಗೆ ಗೊತ್ತಾಗಬಾರದೇನು?"

"ಮಾಸ್ತರ, ಅಶೋಕನ ಮಂದಿ ರೈಲಿನ್ಯಾಗ ಬಂದಿದ್ದಿಲ್ಲ. ನಡಕೊಂತ ಬಂದಿದ್ರು. ನೀವೂ ನಡೀರಿ."

ಅಲ್ಲಿಂದ ಒಂದು ತಾಸು ಅಶೋಕನ ಮೇಲೆ ಹೋಯಿತು. ಅಶೋಕ ಮುಗಿದ ಮೇಲೆ ಮುದಗಲ್ಲಿನಿಂದ ಬಂದಿದ್ದ ಒಬ್ಬ ಬಟ್ಟೆ ವ್ಯಾಪಾರಿ ಬಹಳ ಮೆತ್ತಗೆ, ರೈಲು ಲಿಂಗಸುಗೂರಿನ ತನಕ ಬಂದ ಮೇಲೆ ಮುದಗಲ್ ಏನು ಮಹಾ ದೂರ, ಹಾಗೇ ಒಂದು ಸಲ ಬಂದು ಮುಖ ತೋರಿಸಿ ಹೋಗಲಿ ಎಂದ, ರೈಲು ಅವನ ಬೀಗರ ಪೈಕಿ ಎನ್ನುವ ಹಾಗೆ.

ಆಮೇಲೆ ಯಾರೋ ವೇಳೆಯ ಮಾತೆತ್ತಿದರು. ನಮ್ಮ ಅಧ್ಯಕ್ಷರಿಗೆ ರೈಲು ನಸುಕಿನಲ್ಲಿ ಬೇಕು, ರಾಯಚೂರಿನ ಪೇಟೆ ಮುಟ್ಟಬೇಕು. ವಕೀಲರಿಗೆ ಹತ್ತಕ್ಕೆ ಬೇಕು, ಕಕ್ಷಿದಾರರು ಕೋರ್ಟು ಶುರುವಾಗುವ ಹೊತ್ತಿಗೆ ಇಳಿಯಬೇಕು. ಮಾಸ್ತರರಿಗೆ ಯಾವಾಗಾದರೂ ಬರಲಿ, ಮಧ್ಯಾಹ್ನ ಊಟದ ಮೇಲೆ ಬೇಡ, ಮಂದಿ ಮಲಗಿರುತ್ತಾರೆ. ನಾನು ಎದ್ದು ನಿಂತೆ. ಒಂದು ಹಾಳೆ ತಗೊಳ್ಳಿರಿ, ಮೂರೂ ಊರಿಗೆ ರೈಲು ಬೇಕು ಅಂತ ಒಂದು ಸಾಲು ಬರೀರಿ, ಕೆಳಗೆ ಎಲ್ಲರೂ ಸಹಿ ಮಾಡಿರಿ, ಮನೆಗೆ ಹೋಗೋಣ ಎಂದೆ. ವಕೀಲರು ನನ್ನನ್ನು ಕನಿಕರದಿಂದ ನೋಡಿದರು. ಅರ್ಜಿ ಅಂದರೆ ಅದಕ್ಕೊಂದು ವಜನು ಇರಬೇಕು ತಾಯಿ, ಇದು ಬಹಳ ತಿಳಿಯುವ ಹಾಗೆ ಐತಿ ಎಂದರು.

ಸಂಜೆಯ ಕೊನೆಯ ಬಸ್ಸು ಹೊರಡುವ ಹೊತ್ತಾಗಿ ಎಲ್ಲರೂ ಓಡಿದೆವು. ವಕೀಲರು ಹಿಂದಿನಿಂದ ಕೂಗಿ ಹೇಳುತ್ತಿದ್ದರು, ಹನ್ನೊಂದಕ್ಕೆ ಬರುವುದಾದರೆ ಆ ರೈಲು ಲಿಂಗಸುಗೂರಿಗೆ ಬೇಡವೇ ಬೇಡ ಎಂದು. ಇನ್ನೂ ಒಂದು ಕಂಬಿ ಬಿದ್ದಿರಲಿಲ್ಲ, ರೈಲು ಆಗಲೇ ಒಂದು ತಾಸು ತಡವಾಗಿತ್ತು.

ಕ್ಯಾಂಪಿನ ಅಜ್ಜಿಯ ಸಹಿ

ಕಡೆಗೆ ಮೂರು ಊರಿನವರು ಮೂರು ಅರ್ಜಿ ಮಾಡಿಕೊಂಡರು. ಸಿಂಧನೂರಿನ ಅರ್ಜಿಗೆ ಸುತ್ತಲಿನ ಹಳ್ಳಿಗಳಲ್ಲಿ ಸಹಿ ಹಾಕಿಸುವ ಕೆಲಸ ಯಾರೂ ಒಪ್ಪಿಕೊಳ್ಳಲಿಲ್ಲ, ಬಿಸಿಲು ಇತ್ತು. ನಾನು ಒಪ್ಪಿಕೊಂಡೆ. ಮಧ್ಯಾಹ್ನದ ಊಟ ಮುಗಿಸಿ, ಒಲೆಯನ್ನು ತಂಗಿಯ ಕೈಗೆ ಕೊಟ್ಟು, ಹಾಳೆಗಳ ಕಟ್ಟು ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದೆ.

ಆರ್.ಎಚ್. ಕ್ಯಾಂಪಿಗೂ ಹೋದೆ. ಅಲ್ಲಿರುವವರು ಬಂಗಾಳದ ಕಡೆಯಿಂದ ಮನೆಮಾರು ಬಿಟ್ಟು ಬಂದವರು, ಸರ್ಕಾರ ಇಲ್ಲಿ ತಂದು ನೆಲೆ ಮಾಡಿಸಿತ್ತು. ಗದ್ದೆಯ ಬದುವಿನ ಮೇಲೆ ಒಬ್ಬ ಅಜ್ಜಿ ಸಿಕ್ಕಳು. ರೈಲಿನ ಹೆಸರೆತ್ತಿದ ಕೂಡಲೇ ಕೈಯ ಕುಡುಗೋಲನ್ನು ಕೆಳಗಿಟ್ಟಳು. ಮುರಿದ ಕನ್ನಡದಲ್ಲಿ ಕೇಳಿದಳು:

"ಈ ರೈಲು ಬರೋದಾ, ಒಯ್ಯೋದಾ?"

ನನಗೆ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅವಳನ್ನು ಒಂದು ರೈಲಿಗೆ ಹತ್ತಿಸಿದ್ದರಂತೆ, ಒಂದು ಕಡೆ ಇಳಿಸಿದ್ದರಂತೆ. ಅಲ್ಲಿ ಗುಡಿಸಲು ಹಾಕುವಷ್ಟರಲ್ಲಿ ಇನ್ನೊಂದು ರೈಲಿಗೆ ಹತ್ತಿಸಿದರಂತೆ. ಇಲ್ಲಿಗೆ ಬಂದಾಗ ರೈಲಿಲ್ಲ ಎಂದು ಕೇಳಿ ಬಹಳ ಸಮಾಧಾನವಾಗಿತ್ತಂತೆ. ಇನ್ನು ಒಯ್ಯುವುದಿಲ್ಲ ಎಂದು. ನಮ್ಮ ತಾಲೂಕಿನ ಎಲ್ಲರನ್ನೂ ಕೂಡಿಸಿದರೂ ಅವಳಷ್ಟು ರೈಲು ಕಂಡವರಿರಲಿಲ್ಲ.

ಯಾರನ್ನೂ ಒಯ್ಯುವುದಿಲ್ಲವ್ವಾ, ಸಂಜೆಗೆ ವಾಪಸು ತಂದು ಬಿಡುತ್ತದೆ ಎಂದೆ. ಅವಳು ಅದನ್ನು ನಂಬಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಬೇಕಾಯಿತು. ನಂಬಿದ ಮೇಲೆ ಕೈ ತೊಳೆದುಕೊಂಡು ಬಂದು, ತನ್ನ ಹೆಸರನ್ನು ಬಂಗಾಳಿಯಲ್ಲಿ ನಿಧಾನಕ್ಕೆ, ಮೇಲೊಂದು ಗೆರೆ ಎಳೆದು, ಮುತ್ತಿನ ಹಾಗೆ ಬರೆದಳು. ಅವಳನ್ನು ನೋಡಿ ಆ ಸಾಲಿನ ಎಲ್ಲ ಮನೆಯವರೂ ಬರೆದರು.

ಅಧ್ಯಕ್ಷರ ಮಿಲ್ಲಿಗೆ ಹೋಗಿ ಹಾಳೆ ಕೊಟ್ಟೆ. ಕಾರ್ಯದರ್ಶಿ ನೋಡಿ ಕೆಂಪು ಪೆನ್ನು ತೆಗೆದ. ಇವು ಸಹಿ ಅಲ್ಲ, ಬಳ್ಳಿ ಬರೆದಾರೆ, ಓದಲು ಬರುವುದಿಲ್ಲ, ಹೊಡೆದು ಹಾಕಬೇಕು ಎಂದ. ಅಧ್ಯಕ್ಷರೂ ತಲೆಯಾಡಿಸಿದರು. ಓದಲು ಬಾರದ ಸಹಿ ಮೇಲಿನವರಿಗೆ ಹೋದರೆ ನಮ್ಮ ಊರಿನ ಮರ್ಯಾದೆ ಹೋಗುತ್ತದೆ ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಆ ಬಿಸಿಲಿನಲ್ಲಿ ಆ ಅಜ್ಜಿ ಕೈ ತೊಳೆದುಕೊಂಡು ಬಂದದ್ದು ಕಣ್ಣ ಮುಂದೆ ಇತ್ತು. ಕೆಂಪು ಪೆನ್ನನ್ನು ಕಾರ್ಯದರ್ಶಿಯ ಕೈಯಿಂದ ಕಸಿದುಕೊಂಡೆ. ಅರ್ಜಿಯ ಮೊದಲ ಪುಟ ತೆಗೆದು, ಹೆಸರುಗಳ ಮೇಲೆ ಅಂಗೈ ಮುಚ್ಚಿ, ಕೆಳಗಿನ ಒಂದು ಸಹಿಯನ್ನು ಮಾತ್ರ ತೋರಿಸಿದೆ. ಎರಡು ಸುತ್ತು, ಒಂದು ಬಾಲ, ಕೋಳಿ ಕೆದರಿದ ಹಾಗೆ. ಇದನ್ನು ಓದಿರಿ ಎಂದೆ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು, ಬೆಳಕಿಗೆ ಹಿಡಿದು ನೋಡಿದರು.

"ಇದನ್ನೂ ಹೊಡದುಹಾಕು ಅತ್ಲಾಗ," ಎಂದರು. "ಯಾವನೋ ಕುಡದು ಮಾಡ್ಯಾನ."

ನಾನು ಅಂಗೈ ತೆಗೆದೆ. ಸಹಿ ಅವರದೇ.

ಬಂದ್ ದಿನದ ಊಟ

ಅರ್ಜಿಗೆ ಉತ್ತರ ಬರಲಿಲ್ಲ. ಒಂದು ದಿನ ಸಿಂಧನೂರು ಬಂದ್ ಮಾಡಬೇಕೆಂದು ತೀರ್ಮಾನವಾಯಿತು. ರೈಲು ಬೇಕು ಎಂದು ಇರುವ ಬಸ್ಸುಗಳನ್ನೂ ನಿಲ್ಲಿಸಿದರು. ಇದರ ಅರ್ಥವನ್ನು ನಾನು ಈಗಲೂ ಹುಡುಕುತ್ತಿದ್ದೇನೆ.

ಹಿಂದಿನ ದಿನವೇ ಅಧ್ಯಕ್ಷರು ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದು, ಖಾನಾವಳಿ ಮುಚ್ಚಬೇಕು, ಒಂದು ರೊಟ್ಟಿ ಹೊರಗೆ ಬಂದರೂ ಊರಿಗೆ ದ್ರೋಹ ಎಂದು ತಾಕೀತು ಮಾಡಿ ಹೋದರು. ಮುಚ್ಚಿದೆ. ಬೆಳಿಗ್ಗೆ ನೋಡಿದರೆ ನಿಲ್ದಾಣದಲ್ಲಿ ಹಳ್ಳಿಯಿಂದ ಬಂದ ಬಾಣಂತಿಯರು, ಮುದುಕರು ಬಸ್ಸಿಲ್ಲದೆ ಕೂತಿದ್ದಾರೆ. ಮಾಡಿಟ್ಟುಕೊಂಡಿದ್ದ ಅಷ್ಟೂ ರೊಟ್ಟಿ, ಪಲ್ಯ ಅವರಿಗೆ ಹಂಚಿ, ತಿರುಗಿ ಬಂದು ಒಲೆಗೆ ನೀರು ಸುರಿದೆ.

ಮಧ್ಯಾಹ್ನದ ತನಕ ಘೋಷಣೆ ನಡೆಯಿತು. ಒಂದು ಗಂಟೆಗೆ ನಿಂತಿತು. ಸ್ವಲ್ಪ ಹೊತ್ತಿಗೆ ಹಿಂದಿನ ಬಾಗಿಲು ಬಡಿದ ಸದ್ದು. ತೆರೆದರೆ ಅಧ್ಯಕ್ಷರು, ಹಿಂದೆ ಕಾರ್ಯದರ್ಶಿ, ಅವನ ಹಿಂದೆ ಹತ್ತಿ ವ್ಯಾಪಾರಿ.

"ಯಕ್ಕಾ, ಊಟಕ್ಕ ಏನಾರ ಐತೇನು?"

ಬಂದ್ ಅಲ್ಲೇನು ಸಾವ್ಕಾರ್ರ ಎಂದೆ. ಅವರು ಅತ್ತಿತ್ತ ನೋಡಿ, ಬಂದ್ ಇರುವುದು ರಸ್ತೆಯ ಕಡೆ, ಹಿಂದಿನ ಬಾಗಿಲಿಗೆ ಸಮಿತಿ ಕರೆ ಕೊಟ್ಟಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನನ್ನ ತಂಗಿ ಹೇಳಿದಳು. ಅವಳು ಹೊರಗಿನವರ ಮುಂದೆ ಮಾತಾಡುವುದೇ ಕಡಿಮೆ.

"ಏನಿಲ್ರಿ ಸಾವ್ಕಾರ್ರ. ನಮ್ಮ ಒಲಿನೂ ಹೋರಾಟಕ್ಕ ಹೋಗೈತಿ."

ಎಣಿಸಲು ಬಂದ ಸಾಹೇಬರು

ತೊಂಬತ್ತರ ದಶಕದಲ್ಲಿ ಒಂದು ವರ್ಷ, ಕೊನೆಗೂ, ರೈಲ್ವೆಯಿಂದ ಒಬ್ಬ ಸರ್ವೆ ಸಾಹೇಬರು ಬಂದರು. ಮೈಸೂರು ಕಡೆಯವರು, ಇನ್ನೂ ಎಳೆ ವಯಸ್ಸು. ಇಲ್ಲಿಯ ಜನ ನಿಜವಾಗಿ ಎಷ್ಟು ಓಡಾಡುತ್ತಾರೆ, ಯಾವ ಯಾವ ಊರಿಗೆ ಹೋಗುತ್ತಾರೆ ಎಂದು ಕೇಳಿ ಬರೆದುಕೊಂಡು ಮೇಲಕ್ಕೆ ಕಳಿಸಬೇಕು. ಅದರ ಮೇಲೆ ರೈಲು ಬೇಕೋ ಬೇಡವೋ ನೋಡುತ್ತಾರೆ. ಒಂದು ದಿನ ಸಿಂಧನೂರು, ಒಂದು ದಿನ ಮಸ್ಕಿ, ಒಂದು ದಿನ ಲಿಂಗಸುಗೂರು. ಇದನ್ನೆಲ್ಲ ಅವರೇ ಬೆಳಗಿನ ಉಪ್ಪಿಟ್ಟು ತಿನ್ನುತ್ತಾ ಹೇಳಿದರು. ಇಷ್ಟು ವರ್ಷದ ಅರ್ಜಿ, ಸಭೆ, ಬಂದ್ ಯಾವುದೂ ಅಲ್ಲ, ಇದೇ ನಿಜವಾದ ಕಾಗದ.

ಸಾಹೇಬರು ದಿನವಿಡೀ ನಿಲ್ದಾಣದಲ್ಲಿ ಹಲಗೆಗೆ ಫಾರಂ ಸಿಕ್ಕಿಸಿಕೊಂಡು ನಿಂತರು. ಮಧ್ಯಾಹ್ನ ಊಟಕ್ಕೆ ಬಂದಾಗ ಮುಖ ಬಾಡಿತ್ತು.

"ಏನಕ್ಕಾ, ನಿಮ್ಮೂರಿನವರು ಎಲ್ಲಿಗೂ ಹೋಗೋದೇ ಇಲ್ವಲ್ಲ. ರೈಲು ಯಾಕೆ ಕೇಳ್ತೀರಾ?"

ಬೆಂಚಿನ ಮೇಲಿದ್ದ ಫಾರಂ ನೋಡಿದೆ. ಹೋಗುವ ಊರು ಎಂಬ ಸಾಲಿನಲ್ಲಿ ಮೇಲಿನಿಂದ ಕೆಳಗಿನ ತನಕ ಒಂದೇ ಬರೆದಿತ್ತು: ಇಲ್ಲೇ. ಇಲ್ಲೇ. ಇಲ್ಲೇ. ಇಲ್ಲೇ.

ಹೇಗೆ ಕೇಳಿದಿರಿ ಎಂದೆ. ಹೇಗೆ ಕೇಳುವುದು, ಎಲ್ಲಿಗೆ ಹೋಗ್ತಾ ಇದೀರಾ ಎಂದು ಕೇಳಿದೆ ಎಂದರು.

ನಾನು ಹಣೆ ಹಿಡಿದುಕೊಂಡು ಕೂತೆ. ನಮ್ಮ ಕಡೆ ಮನೆಯಿಂದ ಹೊರಟು ನಿಂತವರನ್ನು ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟಿತು ಎಂದೇ ಲೆಕ್ಕ. ಕೇಳಿಸಿಕೊಂಡವನು ಇಲ್ಲೇ ಎಂದು ಮುಖ ತಿರುಗಿಸುತ್ತಾನೆ, ಇಲ್ಲವೇ ತಿರುಗಿ ಮನೆಗೆ ಹೋಗಿ, ಕೂತು, ನೀರು ಕುಡಿದು ಹೊಸದಾಗಿ ಹೊರಡುತ್ತಾನೆ. ಬಾಸಿಂಗ ಕಟ್ಟಿಕೊಂಡು ದಿಬ್ಬಣದ ಜೊತೆ ನಿಂತಿದ್ದ ಮದುಮಗನೂ ಇಲ್ಲೇ ಎಂದಿದ್ದ. ಟ್ರಂಕು, ಹಾಸಿಗೆ, ಅಳುವ ತಾಯಿಯ ಸಮೇತ ಗಂಡನ ಮನೆಗೆ ಹೊರಟಿದ್ದ ಹುಡುಗಿಯೂ ಇಲ್ಲೇ. ಎದೆಯ ಎಕ್ಸ್‌ರೇ ಹಿಡಿದು ರಾಯಚೂರು ದವಾಖಾನೆಗೆ ಹೊರಟಿದ್ದ ಮುದುಕನೂ ಇಲ್ಲೇ. ಇನ್ನೂ ಕೆಲವರು ಹತ್ತಿದ ಬಸ್ಸನ್ನೇ ಇಳಿದು ಹೋಗಿದ್ದರು. ಅವರನ್ನು ಸಾಹೇಬರು ಪ್ರಯಾಣದಲ್ಲಿ ಆಸಕ್ತಿ ಇಲ್ಲದವರು ಎಂದು ಬೇರೆ ಬರೆದಿದ್ದರು.

ಇಷ್ಟನ್ನೂ ವಿವರಿಸಿದೆ. ಸಾಹೇಬರು ನಕ್ಕರು. ಇಂಥ ನಂಬಿಕೆಗೆಲ್ಲ ಫಾರಂನಲ್ಲಿ ಜಾಗ ಇಲ್ಲ, ಸಿಂಧನೂರು ಇವತ್ತಿಗೆ ಮುಗಿಯಿತು, ನಾಳೆ ಮಸ್ಕಿ ಎಂದರು. ಮಸ್ಕಿಯಲ್ಲೂ ಇಲ್ಲೇ, ಲಿಂಗಸುಗೂರಿನಲ್ಲೂ ಇಲ್ಲೇ. ಮೂರೂ ಊರಿನ ಜನ ಹುಟ್ಟಿದ ಜಾಗ ಬಿಟ್ಟು ಕದಲುವುದಿಲ್ಲ ಎಂದು ಮೇಲಕ್ಕೆ ಹೋಗುತ್ತದೆ. ಅಲ್ಲಿಗೆ ಮುಗಿಯಿತು.

ಅಧ್ಯಕ್ಷರ ಹತ್ತಿರ ಓಡಿದೆ. ನೀವು ದೊಡ್ಡವರು, ನೀವೊಂದು ಮಾತು ಹೇಳಿರಿ ಎಂದೆ. ಅವರು ನಾಲ್ಕು ಶಾಲು ಮುಂದಿಟ್ಟುಕೊಂಡು ಒಂದನ್ನು ಆರಿಸುತ್ತಿದ್ದರು.

"ಅಧಿಕಾರಿ ಮಂದಿಗೆ ಬುದ್ಧಿ ಹೇಳಾಕ ಹೋಗಬಾರದು ಯಕ್ಕಾ. ನೀ ರೊಟ್ಟಿ ನೋಡ್ಕೊ. ಅಂವ ಹೋಗೂವಾಗ ನಾ ಒಂದು ಶಾಲು ಹೊದಸ್ತೀನಿ, ಎಲ್ಲಾ ಸರಿ ಹೋಗ್ತೈತಿ."

ನಾನು ರೊಟ್ಟಿ ನೋಡಿಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಸಾಹೇಬರು ತಿಂಡಿ ಮುಗಿಸಿ ಜೀಪಿನಲ್ಲಿ ಕೂತರು. ಜೀಪು ನಮ್ಮೂರಿನ ಬಾಡಿಗೆಯದು, ಡ್ರೈವರೂ ನಮ್ಮೂರಿನವನೇ. ಎಂಜಿನ್ ಶುರುವಾಯಿತು. ನಾನು ಹಿಟ್ಟಿನ ಕೈಯಲ್ಲೇ ಹೋಗಿ ಜೀಪಿನ ಮುಂದೆ ನಿಂತೆ. ಊರಿಗೆಲ್ಲ ಕೇಳುವ ಹಾಗೆ ಕೇಳಿದೆ.

"ಸಾಹೇಬ್ರ, ಎಲ್ಲಿಗೆ ಹೊಂಟ್ರಿ?"

ಡ್ರೈವರ್ ಎಂಜಿನ್ ಆರಿಸಿದ. ಕೀಲಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ.

"ಯಾಕಪ್ಪಾ, ಏನಾಯ್ತು?" ಎಂದರು ಸಾಹೇಬರು.

"ಕೇಳಿಬಿಟ್ಟಾರಲ್ರಿ."

"ಕೇಳಿದ್ರೆ ಕೇಳ್ಲಿ. ಮಸ್ಕಿಗೆ ಹೋಗ್ತಾ ಇದೀವಿ ಅಕ್ಕಾ."

ಡ್ರೈವರ್ ಕಿವಿ ಮುಚ್ಚಿಕೊಂಡ. "ಹೇಳೂ ಬಿಟ್ರಿ," ಎಂದು ಸ್ಟೀರಿಂಗಿನ ಮೇಲೆ ತಲೆ ಇಟ್ಟ. ಇನ್ನು ಒಂದು ತಾಸು ಗಾಡಿ ಎಬ್ಬಿಸುವುದಿಲ್ಲ, ಇಳಿಯಿರಿ, ಕೂಡಿರಿ, ನೀರು ಕುಡಿಯಿರಿ, ಆಮೇಲೆ ನೋಡೋಣ ಎಂದ. ಸಾಹೇಬರು ಬೈದರು, ಮೇಲಿನವರಿಗೆ ಬರೆಯುತ್ತೇನೆ ಎಂದರು. ಬರೀರಿ, ಬರೆದಾದ ಮೇಲೆ ನೀರು ಕುಡಿಯಿರಿ ಎಂದ. ಅವರು ಸಿಟ್ಟಿಗೆದ್ದು ಹಲಗೆ ಬಗಲಲ್ಲಿಟ್ಟುಕೊಂಡು, ಎದುರಿಗೆ ನಿಂತಿದ್ದ ಮಸ್ಕಿಯ ಬಸ್ಸಿನ ಕಡೆ ಹೋದರು. ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಹಿಡಿದ. ಅವನಿಗೂ ಕೇಳಿಸಿತ್ತು.

"ತುಂಬಿದ ಗಾಡಿ ಐತ್ರಿ ಸಾಹೇಬ್ರ, ಮಂದಿ ಜೀವ ಐತಿ. ಮುಂದಿನ ಗಾಡಿಗೆ ಬರ್ರಿ."

ಸಾಹೇಬರು ತಿರುಗಿ ಬಂದು ಖಾನಾವಳಿಯ ಬೆಂಚಿನ ಮೇಲೆ ಕೂತರು. ತಂಗಿ ನೀರು ತಂದಿಟ್ಟಳು. ಬಹಳ ಹೊತ್ತು ನಿನ್ನೆಯ ಫಾರಂಗಳನ್ನು ತಿರುವಿ ಹಾಕಿದರು.

"ನಿನ್ನೆ ಈ ಊರಿನವರು ಎಲ್ಲಿಗೂ ಹೋಗಲ್ಲ ಅಂತ ಬರೆದೆ," ಎಂದರು. "ಇವತ್ತು ನನಗೇ ಹೋಗೋಕೆ ಆಗ್ತಾ ಇಲ್ಲ."

ಅಷ್ಟಾದ ಮೇಲೆ ಹಾದಿಗೆ ಬಂದರು. ನಾನು ನಿನ್ನೆಯ ಒಂದೊಂದು ಇಲ್ಲೇ ತೋರಿಸಿ ಯಾರು ಯಾವ ಬಸ್ಸು ಹತ್ತಿದರು ಎಂದು ಹೇಳತೊಡಗಿದೆ. ಅವರು ಬೇಡ ಎಂದರು. ನೀವು ಹೇಳಿದ್ದನ್ನು ಬರೆಯುವ ಹಾಗಿಲ್ಲ, ಅವರ ಬಾಯಿಂದಲೇ ಬರಬೇಕು. ಹಾಗಾದರೆ ಇನ್ನೊಂದು ಸಲ ಕೇಳಿರಿ, ನಮ್ಮ ಹಾಗೆ ಕೇಳಿರಿ ಎಂದೆ. ನಮ್ಮಲ್ಲಿ ಎಲ್ಲಿಗೆ ಅನ್ನುವುದಿಲ್ಲ, ದೂರ ಹೊಂಟೀರೇನು ಅನ್ನುತ್ತೇವೆ. ಸಾಹೇಬರು ಅದನ್ನು ಹಲಗೆಯ ಮೂಲೆಯಲ್ಲಿ ಬರೆದುಕೊಂಡು, ನಾಲ್ಕು ಸಲ ಬಾಯಲ್ಲಿ ಹೇಳಿಕೊಂಡು, ನಿಲ್ದಾಣಕ್ಕೆ ಹೋದರು. ಮಸ್ಕಿ ಮರುದಿನಕ್ಕೆ ಹೋಯಿತು.

ಮೊದಲು ಸಿಕ್ಕವಳು ಒಬ್ಬ ಮುದುಕಿ.

"ದೂರ ಹೊಂಟೀರೇನ್ರಿ ಅಮ್ಮಾ?"

"ಹೂನಪ್ಪಾ, ರಾಯಚೂರಿಗೆ. ಮಗಳು ಹಡದಾಳ. ಇದು ಮೂರನೇದು. ಅಳಿಯ ಒಂದೀಟು ಸರಿ ಇಲ್ಲ, ನೀ ಓದಿದಾಂವ ಇದ್ದಿ, ಬಂದು ಒಂದು ಮಾತು ಹೇಳ್ತಿಯೇನು?"

ಆಮೇಲೆ ಬಾಯಿ ಬಿಡಿಸುವುದು ಕಷ್ಟವಾಗಲಿಲ್ಲ, ಮುಚ್ಚಿಸುವುದು ಕಷ್ಟವಾಯಿತು. ರಾಯಚೂರು, ಬಳ್ಳಾರಿ, ಹೊಸಪೇಟೆ, ಗುಲಬರ್ಗಾ, ಹೈದರಾಬಾದು. ದವಾಖಾನೆಗೆ, ಕಾಲೇಜಿಗೆ, ಕೂಲಿಗೆ, ಕೋರ್ಟಿಗೆ. ಹೋಗುವ ಊರು ಎಂಬ ಸಾಲು ತುಂಬಿ, ಪಕ್ಕದ ಸಾಲು ತುಂಬಿ, ಹಾಳೆಯ ಹಿಂಬದಿ ತುಂಬಿತು. ಸಂಜೆಯ ಹೊತ್ತಿಗೆ ಸಾಹೇಬರ ಫಾರಂ ಮುಗಿದವು, ನನ್ನಿಂದ ಬಿಳಿ ಹಾಳೆ ಇಸಿದುಕೊಂಡರು. ನಿನ್ನೆಯ ಫಾರಂಗಳ ಮೇಲೆ ಅಡ್ಡ ಗೆರೆ ಎಳೆದು, ಎಣಿಕೆ ತಪ್ಪಾಗಿದೆ ಎಂದು ಬರೆದು, ಕೆಳಗೆ ಸಹಿ ಮಾಡಿದರು. ಬರೆಯುವುದನ್ನು ನಾನು ನಿಂತು ನೋಡಿದೆ. ರೈಲು ಬರಲಿ ಬಿಡಲಿ, ನಮ್ಮ ಜನ ಹೋಗುವ ಊರುಗಳ ಹೆಸರು ಒಂದು ಸಲವಾದರೂ ಸರಿಯಾಗಿ ಕಾಗದದ ಮೇಲೆ ಬಿತ್ತು. ತಂಗಿ ಒಲೆ ಬಿಟ್ಟು ಬಂದು ಆ ಕಟ್ಟನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಿ ಕೊಟ್ಟಳು.

ಸಾಹೇಬರು ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಜೀಪಿನಲ್ಲಿ ಕೂತರು. ಡ್ರೈವರ್ ಕೀಲಿ ತಿರುಗಿಸಿದ. ಅಷ್ಟರಲ್ಲಿ ಅಧ್ಯಕ್ಷರು ಶಾಲು, ಹಾರ, ಫೋಟೋ ತೆಗೆಯುವವನ ಸಮೇತ ಓಡಿ ಬಂದರು. ಎರಡು ದಿನದಿಂದ ನಿಲ್ದಾಣದ ಕಡೆ ಮುಖ ಹಾಕದವರು ಹಿಂದಿನಿಂದ ಕೈ ಎತ್ತಿ ಕೂಗಿದರು.

"ಸಾಹೇಬ್ರ, ಸಾಹೇಬ್ರ, ಎಲ್ಲಿಗೆ ಹೊಂಟ್ರಿ?"

ಡ್ರೈವರ್ ಎಂಜಿನ್ ಆರಿಸುವ ಮೊದಲೇ ಸಾಹೇಬರು ಇಳಿದಿದ್ದರು. ಯಾರೂ ಏನೂ ಹೇಳಬೇಕಾಗಲಿಲ್ಲ. ನೆಟ್ಟಗೆ ಬಂದು ಬೆಂಚಿನ ಮೇಲೆ ಕೂತರು, ಕಟ್ಟನ್ನು ಮಾತ್ರ ಮಡಿಲಿನಿಂದ ಇಳಿಸಲಿಲ್ಲ. "ಅಕ್ಕಾ, ನೀರು," ಎಂದರು. ಅಧ್ಯಕ್ಷರು ಶಾಲು ಬಿಡಿಸಿಕೊಂಡು ರಸ್ತೆಯ ಮೇಲೆ ನಿಂತು, ಏನಾತು, ಯಾಕ ಇಳದ್ರು ಎಂದು ಎಲ್ಲರನ್ನೂ ಕೇಳುತ್ತಿದ್ದರು.

ಡ್ರೈವರ್ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಅಧ್ಯಕ್ಷರನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿ, ಒಂದೇ ಒಂದು ಮಾತು ಅಂದ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಆ ಮನುಷ್ಯನಿಗೆ ಏನನ್ನಬೇಕು ಎಂದು ಇಷ್ಟು ವರ್ಷ ನಾನು ಹುಡುಕುತ್ತಿದ್ದ ಮಾತು ಅದೇ ಆಗಿತ್ತು.